ಬಾಗಿಲ ಕಡೆಯ ಕನ್ನಡಿ

"ಆ ದಿನ ಬಸ್ಸು ಓಡಿಸಿದ ನಮ್ಮ ಸಹೋದರರು ಒಂದು ಕ್ಷಣ ಎದ್ದು ನಿಲ್ಲಲಿ" ಎಂದು ಪಾದ್ರಿಗಳು ಪೀಠದಿಂದ ಹೇಳಿದಾಗ ಡ್ರೈವರು ಬಗ್ಗಿ, ಸರಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ. ಹೆಸರು ಹಿಡಿದು ಕರೆದಿಲ್ಲವಲ್ಲ, ಕೇಳಿಸಲಿಲ್ಲ ಅಂದುಕೊಳ್ಳಲಿ, ಅಷ್ಟರಲ್ಲಿ ಮುಂದಿನ ಹಾಡು ಶುರುವಾಗಲಿ. ಆದರೆ ಹೆಂಡತಿ ಮೊಣಕೈಯಿಂದ ತಿವಿದಳು, ಹಿಂದಿನ ಬೆಂಚಿನವರು ಯಾರೋ ಬೆನ್ನು ತಟ್ಟಿದರು, ಅವನು ಎದ್ದ. ಇಡೀ ಸಭೆ ಕುತ್ತಿಗೆ ತಿರುಗಿಸಿ ನೋಡಿತು. ಮುಂದಿನ ಸಾಲಿನ ಒಬ್ಬರು ಚಪ್ಪಾಳೆ ಶುರು ಮಾಡಿ, ಇದು ಚಪ್ಪಾಳೆಯ ಜಾಗವಲ್ಲವೆಂದು ನೆನಪಾಗಿ, ಕೂಡಿದ ಕೈಗಳನ್ನು ಹಾಗೆಯೇ ಮಡಿಲಿಗೆ ಇಳಿಸಿಕೊಂಡರು. ಕೈ ಎಲ್ಲಿಡಬೇಕೆಂದು ತಿಳಿಯದೆ ಡ್ರೈವರು ಎದುರಿನ ಬೆಂಚಿನ ಬೆನ್ನನ್ನು ಹಿಡಿದುಕೊಂಡ. ಹಿಡಿದ ಮೇಲೆ ನೋಡಿದರೆ ಸ್ಟಿಯರಿಂಗ್ ಹಿಡಿಯುವ ಹಾಗೆಯೇ ಹಿಡಿದಿದ್ದ. "ಊರು ಉರಿಯುತ್ತಿದ್ದಾಗ ಪ್ರಾಣದ ಹಂಗು ತೊರೆದು, ಆ ಕಡೆಯವರೋ ಈ ಕಡೆಯವರೋ ಎಂದು ಕೇಳದೆ, ಬಸ್ಸಿನಲ್ಲಿದ್ದ ಪ್ರತಿಯೊಬ್ಬರನ್ನೂ ಮನೆ ಮುಟ್ಟಿಸಿದರು" ಎಂದರು ಪಾದ್ರಿಗಳು. ಬಸ್ಸಿನಲ್ಲಿದ್ದ ಪ್ರತಿಯೊಬ್ಬರನ್ನೂ. ಮಾತು ಎಷ್ಟು ಸರಿಯಾಗಿತ್ತೆಂದರೆ ಅಲ್ಲವೆನ್ನಲು ಅದರಲ್ಲಿ ಒಂದು ಸಂದೂ ಇರಲಿಲ್ಲ.

ಬಸ್ಸಿನಲ್ಲಿ ಇಲ್ಲದಿದ್ದವನು ಒಬ್ಬನಿದ್ದ. ಮಾರುಕಟ್ಟೆ ದಾಟಿದ ಮೇಲೆ ಬರುವ ನಿಲ್ದಾಣ ಅದು. ಆ ಮಧ್ಯಾಹ್ನ ಅಲ್ಲಿ ಯಾರೂ ನಿಂತಿರಲಿಲ್ಲ, ಅಂಗಡಿಗಳ ಬಾಗಿಲು ಎಳೆದಿದ್ದವು, ಹಿಂದೆ ದೂರದಲ್ಲಿ ಗುಂಪಿನ ಸದ್ದು ಮಳೆ ಬರುವ ಸದ್ದಿನ ಹಾಗೆ ಇತ್ತು. ಯಾರೂ ಇಲ್ಲದ ನಿಲ್ದಾಣದಲ್ಲಿ ಅವನ ಕಾಲು ತಾನೇ ತಾನಾಗಿ ಬ್ರೇಕಿನ ಮೇಲೆ ಹೋಯಿತು. ವರ್ಷಗಟ್ಟಲೆ ಅಲ್ಲಿ ಬ್ರೇಕು ಒತ್ತಿದ ಕಾಲು, ಅದಕ್ಕೆ ಗಲಾಟೆ ಗಿಲಾಟೆ ಏನು ಗೊತ್ತು. ಬಸ್ಸು ನಿಧಾನವಾಯಿತು. ಆಗ ಪಕ್ಕದ ಗಲ್ಲಿಯೊಳಗೆ ಅವಿತಿದ್ದವನು ರಸ್ತೆಗೆ ಬಂದ. ಬಣ್ಣ ಬಳಿಯುವವನು, ಬಟ್ಟೆಯ ತುಂಬ ಸುಣ್ಣ ಬಣ್ಣದ ಕಲೆ, ಒಂದು ಕೈ ಮೇಲೆತ್ತಿದ್ದ, ಇನ್ನೊಂದು ಕೈಯಲ್ಲಿ ಡಬ್ಬಿ. ಓಡುತ್ತಿದ್ದರೂ ಡಬ್ಬಿಯನ್ನು ಬಿಸಾಡಿರಲಿಲ್ಲ. ಬಾಗಿಲ ಕಡೆಯ ಕನ್ನಡಿಯಲ್ಲಿ ಅವನು ದೊಡ್ಡವನಾಗುತ್ತ ಬಂದ, ಅವನ ಹಿಂದೆ ರಸ್ತೆಯ ತಿರುವಿನಲ್ಲಿ ದೊಣ್ಣೆಗಳು ಕಂಡವು. ಬಸ್ಸಿನೊಳಗೆ "ಹೋಗಿ, ನಿಲ್ಲಿಸಬೇಡಿ, ಹೋಗಿ" ಎಂದು ಎದ್ದ ಕೂಗಿಗೆ ಗಂಡಸು ಹೆಂಗಸೆನ್ನದೆ ಒಂದೇ ದನಿಯಿತ್ತು. ಯಾರೋ ಮುದುಕಿ ಅವನ ಸೀಟಿನ ಬೆನ್ನಿಗೆ ಅಂಗೈಯಿಂದ ಬಡಿಯುತ್ತಿದ್ದಳು. ಅಷ್ಟರಲ್ಲಿ ಕನ್ನಡಿಯಲ್ಲಿದ್ದವನು ಕನ್ನಡಿಯನ್ನು ನೋಡಿದ. ಕಣ್ಣಿಗೆ ಕಣ್ಣು ಕೂಡಿತು. ಅವನು ನಕ್ಕ. ಬಸ್ಸು ಸಿಕ್ಕಿತು ಎಂದು ಖಾತ್ರಿಯಾದವರು ಏದುಸಿರಿನ ನಡುವೆ ನಗುವಂಥ, ಸ್ವಲ್ಪ ನಾಚಿಕೆಯ, ತೊಂದರೆ ಕೊಟ್ಟೆ ಅನ್ನುವ ನಗು. ಡ್ರೈವರು ಕಾಲನ್ನು ಬ್ರೇಕಿನಿಂದ ತೆಗೆದ.

ಅದಾದ ಮೇಲೆ ಆದದ್ದೆಲ್ಲ ಬೇರೆಯವರ ಕಥೆ. ಬಸ್ಸು ನದಿಯ ಆಚೆ ನಿಂತಾಗ ಜನ ಅವನ ಕೈ ಹಿಡಿದು ಅತ್ತರು, ಸೀಟು ಬಡಿದ ಮುದುಕಿ ಅವನ ಗಲ್ಲ ಸವರಿ "ಹೆತ್ತ ಹೊಟ್ಟೆ ತಣ್ಣಗಿರಲಿ" ಅಂದಳು. ಡಿಪೋದ ಮ್ಯಾನೇಜರು ಎಲ್ಲರೆದುರು ಕೈ ಕುಲುಕಿ, ಅವನ ಫೋಟೋ ತೆಗೆಸಿ, ಡ್ಯೂಟಿ ಪಟ್ಟಿ ಅಂಟಿಸುವ ಹಲಗೆಯ ಮೇಲೆ ಅಂಟಿಸಿದರು. ಅವನ ಕಂಡಕ್ಟರು ಮೈಯೂ ಬಾಯೂ ದೊಡ್ಡದಿದ್ದ ಮನುಷ್ಯ, ಡಿಪೋದಲ್ಲಿ ಎಲ್ಲರೂ ಅವನನ್ನು ದೊಡ್ಡಗಂಟೆ ಎಂದೇ ಕರೆಯುತ್ತಿದ್ದರು. ಕ್ಯಾಂಟೀನಿನಲ್ಲಿ ಅವನು ಹೇಳಿದಷ್ಟು ಸಲವೂ ಬಸ್ಸಿನಲ್ಲಿದ್ದ ಜನ ಹೆಚ್ಚಾಗುತ್ತ ಹೋದರು, ಗುಂಪು ಬಸ್ಸಿಗೆ ಹತ್ತಿರವಾಗುತ್ತ ಬಂತು. "ಇನ್ನೆರಡು ಸಲ ಹೇಳಿದ್ರೆ ಗುಂಪಿನವರಿಗೂ ಟಿಕೆಟ್ ಹರಿಯಬೇಕಾಗುತ್ತೆ ನೋಡು" ಎಂದು ಯಾರೋ ನಗೆಯಾಡಿದರು, ಎಲ್ಲರೂ ನಕ್ಕರು, ಡ್ರೈವರೂ ನಕ್ಕ. ನಕ್ಕದ್ದಕ್ಕೆ ಅನಂತರ ನಲ್ಲಿಯ ಮುಂದೆ ನಿಂತು ಬಾಯಿ ಮುಕ್ಕಳಿಸಿದ. ಬಾಗಿಲಲ್ಲಿ ನಿಂತಿದ್ದ ದೊಡ್ಡಗಂಟೆ ಅಂದು ಎರಡು ಸಲ ಗಂಟೆ ಹೊಡೆದಿದ್ದ, ಹೊರಡು ಎಂದು. ಅಂದರೆ ಅವನೂ ನೋಡಿದ್ದ. ಅದನ್ನು ಇಬ್ಬರೂ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ನಿನ್ನೆ ಮಾತ್ರ ಡ್ಯೂಟಿ ಮುಗಿಸಿ ಹೊರಡುವಾಗ ದೊಡ್ಡಗಂಟೆ ಚೀಲದ ಪಟ್ಟಿ ಬಿಚ್ಚುತ್ತ, ಅವನ ಮುಖ ನೋಡದೆ, "ಆ ಬಣ್ಣದವನು ಬದುಕಿದ್ದಾನಂತೆ ಅಣ್ಣ. ನಮ್ಮ ಓಣಿ ಹಿಂದೆಯೇ ಮನೆ. ಮಂಡಿ ಚೂರಾಗಿದೆಯಂತೆ, ಬಲಗೈ ಎರಡು ಬೆರಳು ಮಡಚೋಕಾಗಲ್ವಂತೆ. ಜೀವಕ್ಕೇನಿಲ್ಲ" ಅಂದ. "ಜೀವಕ್ಕೇನಿಲ್ಲ" ಎಂದು ಮತ್ತೊಮ್ಮೆ ಅಂದು, ಇನ್ನು ಅದರ ಮಾತು ಬೇಡ ಅನ್ನುವ ಹಾಗೆ ಚೀಲವನ್ನು ಮೊಳೆಗೆ ಸಿಕ್ಕಿಸಿದ.

ಪಾದ್ರಿಗಳ ಪ್ರಸಂಗ ನಡೆದಿತ್ತು. ಯೇಸು ಹೇಳಿದ, ದಾರಿಯಲ್ಲಿ ಬಿದ್ದಿದ್ದವನನ್ನು ಕಂಡೂ ಆಚೆ ಬದಿಯಿಂದ ದಾಟಿಹೋದ ಇಬ್ಬರ ಕಥೆಯನ್ನು ಇವತ್ತು ಎತ್ತುತ್ತಾರೆಂದು ಅವನು ಬೆಳಗಿನಿಂದ ಹೆದರಿಕೊಂಡೇ ಕೂತಿದ್ದ, ಎತ್ತಲಿಲ್ಲ. ಸಮಾಧಾನ ಮಾಡುವವರ ಭಾಗ್ಯದ ಬಗ್ಗೆ ಹೇಳಿದರು. ಎತ್ತಿದ್ದರೆ ಚೆನ್ನಾಗಿತ್ತೇನೋ ಎಂದು ಈಗ ಅನ್ನಿಸಿತು. ಚಿಕ್ಕವನಿದ್ದಾಗ ಆ ಕಥೆಯನ್ನು ಇದೇ ಚರ್ಚಿನ ಅಂಗಳದಲ್ಲಿ ನಾಟಕ ಆಡಿದ್ದರು, ಅವನಿಗೆ ಸಿಕ್ಕಿದ್ದು ಗಾಯಗೊಂಡವನನ್ನು ಹೊತ್ತುಕೊಂಡು ಹೋಗುವ ಕತ್ತೆಯ ಪಾತ್ರ. ಕತ್ತೆಗೆ ಮಾತಿಲ್ಲವೆಂದು ಅತ್ತಿದ್ದ. ಅಮ್ಮ ಸೆರಗಿನಿಂದ ಮೂಗು ಒರೆಸಿ, "ಹೊರೋರಿಗೆ ಮಾತ್ಯಾಕೆ ಮಗಾ" ಅಂದಿದ್ದಳು. ದಾಟಿಹೋದ ಆ ಇಬ್ಬರು ಅಂದು ಮನೆಗೆ ಹೋಗಿ ಏನು ಉಂಡರು, ಹೆಂಡತಿ ಏನು ಕೇಳಿದಳು, ರಾತ್ರಿ ಮಗ್ಗುಲು ಹೇಗೆ ಬದಲಿಸಿದರು ಅನ್ನುವುದನ್ನು ಯೇಸು ಹೇಳಿಲ್ಲ. ಅವರ ಬೆನ್ನ ಹಿಂದೆಯೂ ಒಂದು ಬಸ್ಸು ಜನ ಕೂತು ಹೋಗಿ ಹೋಗಿ ಎಂದು ಕೂಗುತ್ತಿದ್ದರೋ ಏನೋ, ಅದನ್ನೂ ಹೇಳಿಲ್ಲ. ಹೀಗೆ ಅಂದುಕೊಂಡ ಮೇಲೆ ಮನಸ್ಸು ಹಗುರವಾಗಲಿಲ್ಲ, ಅವರ ಪರವಾಗಿ ವಾದಿಸುತ್ತ ತಾನೂ ಅವರ ಸಾಲಿಗೆ ಸೇರಿಕೊಂಡೆನಲ್ಲ ಎಂದು ಇನ್ನಷ್ಟು ಭಾರವಾಯಿತು. ನಿಧಾನ ಮಾಡದೇ ಇದ್ದಿದ್ದರೆ ಎನ್ನುವುದೊಂದೇ ಅವನನ್ನು ಕೊರೆಯುವುದು. ನಿಲ್ಲಿಸದೆ ಹೋದದ್ದಕ್ಕೆ ಬಸ್ಸಿನ ತುಂಬ ಸಮರ್ಥನೆ ಇತ್ತು. ನಿಧಾನ ಮಾಡಿದ್ದಕ್ಕೆ ಒಂದೂ ಇರಲಿಲ್ಲ. ಗಲ್ಲಿಯಲ್ಲೇ ಅವಿತಿದ್ದವನನ್ನು ಹೊರಗೆ ಕರೆದದ್ದು ಆ ಬ್ರೇಕು.

ರೊಟ್ಟಿ ದ್ರಾಕ್ಷಾರಸ ತೆಗೆದುಕೊಳ್ಳುವಾಗ ಪಾದ್ರಿಗಳು ಅವನ ತಲೆಯ ಮೇಲೆ ಒಂದು ಕ್ಷಣ ಹೆಚ್ಚಿಗೆ ಕೈಯಿಟ್ಟರು. ಆರಾಧನೆ ಮುಗಿದ ಮೇಲೆ ಹೆಂಡತಿಯನ್ನು ಅಂಗಳದ ಹೆಂಗಸರ ನಡುವೆ ಬಿಟ್ಟು ಅವನು ಪಾದ್ರಿಗಳು ನಿಲುವಂಗಿ ಬದಲಿಸುವ ಕೋಣೆಗೆ ಹೋದ. ಅವರು ಕುರ್ಚಿಯಲ್ಲಿ ಕೂತು ಪಾದ ತಿಕ್ಕಿಕೊಳ್ಳುತ್ತಿದ್ದರು. ಗಲಾಟೆಯಾದ ದಿನದಿಂದ ಎರಡೂ ಕಡೆಯ ಹಿರಿಯರ ಮನೆಗಳಿಗೆ ತಿರುಗಿ ತಿರುಗಿ ಅವರ ಚಪ್ಪಲಿ ಸವೆದಿತ್ತು, ಎರಡೂ ಕಡೆಯವರು ನೀರು ಕೊಟ್ಟು, ಮಾತು ಕೇಳಿ, ಬಾಗಿಲವರೆಗೆ ಬಂದು ಕಳಿಸಿಕೊಟ್ಟಿದ್ದರು. ತಮ್ಮ ಸಣ್ಣ ಸಭೆ ಯಾವ ಕಡೆಗೂ ಸೇರಿದ್ದಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದ ಹಾಗೆ ಇದ್ದವರು.

"ಅಯ್ಯನವರೇ, ಒಬ್ಬನನ್ನ ಬಿಟ್ಟು ಬಂದೆ" ಅಂದ ಡ್ರೈವರು. ಬಾಗಿಲು ಹಾಕಲಿಲ್ಲ, ಕೂರಲೂ ಇಲ್ಲ.

ಪಾದ್ರಿಗಳು ಪಾದದ ಮೇಲಿನ ಕೈ ತೆಗೆದರು. ಅವನು ನಿಂತೇ ಎಲ್ಲ ಹೇಳಿದ. ನಗುವಿನ ಮಾತು ಬಂದಾಗ ಮಾತ್ರ ಗೋಡೆಗೆ ನೇತುಹಾಕಿದ್ದ ನಿಲುವಂಗಿಯ ಕಡೆ ನೋಡಿದ.

"ನಿಲ್ಲಿಸಿದ್ದಿದ್ರೆ ಏನಾಗ್ತಿತ್ತು?"

"ಗೊತ್ತಿಲ್ಲ. ಅವನು ಹತ್ತಿರ್ತಿದ್ದ. ಇಲ್ಲಾ ಅವರೂ ಹತ್ತಿರ್ತಿದ್ರು."

"ನಿಮ್ಮ ಜಾಗದಲ್ಲಿ ನಾನಿದ್ರೂ ನಿಲ್ಲಿಸ್ತಿರಲಿಲ್ಲ."

ಒಳ್ಳೆಯ ಮನಸ್ಸಿನಿಂದ ಅಂದದ್ದು. ಆದರೆ ಡ್ರೈವರಿಗೆ ಅದರಿಂದ ಏನೂ ಸಿಗಲಿಲ್ಲ, ಬದಲಿಗೆ ಪಾದ್ರಿಗಳೂ ಒಂದು ಮೆಟ್ಟಿಲು ಕೆಳಗಿಳಿದು ಬಂದು ತನ್ನ ಪಕ್ಕ ನಿಂತ ಹಾಗಾಯಿತು; ಮೇಲೆ ಯಾರೂ ಉಳಿಯಲಿಲ್ಲ. "ಇವತ್ತು ಹೋಗಿ ಅವನಿಗೆ ಹೇಳಿಬಿಡ್ತೀನಿ. ನಾನೇ ಅಂತ" ಅಂದ.

ಪಾದ್ರಿಗಳು ಚಪ್ಪಲಿಗೆ ಕಾಲು ತೂರಿಸಿದರು. "ಹೋಗಿ. ಹೋಗಬೇಡಿ ಅನ್ನೋಕೆ ನಾನ್ಯಾರು. ಆದ್ರೆ ಬಾಗಿಲು ತಟ್ಟೋ ಮುಂಚೆ, ಯಾರಿಗೋಸ್ಕರ ಬಂದೆ ಅಂತ ಒಂದ್ಸಲ ನಿಮ್ಮನ್ನ ನೀವೇ ಕೇಳ್ಕೊಳ್ಳಿ" ಅಂದರು. ಡ್ರೈವರಿಗೆ ಸಿಟ್ಟು ಬಂತು. ತಪ್ಪು ಒಪ್ಪಿಕೊಳ್ಳಿ ಎಂದು ವರ್ಷವಿಡೀ ಹೇಳುವವರು, ಒಪ್ಪಿಕೊಳ್ಳಲು ಹೊರಟಾಗ ಅಡ್ಡಗಾಲು ಹಾಕುತ್ತಾರಲ್ಲ ಎಂದುಕೊಂಡು ಹೊರಬಂದ.

ಊಟಕ್ಕೆ ಕೂತಾಗ ಹೆಂಡತಿ ಅಂಗಳದಲ್ಲಿ ಯಾರು ಯಾರು ಏನೇನು ಅಂದರು ಎಂದು ಹೇಳುತ್ತಲೇ ಇದ್ದಳು, ಅವಳ ಕಿವಿಯ ಓಲೆ ಮಾತಿನ ಜೊತೆ ಅಲ್ಲಾಡುತ್ತಿತ್ತು. ಅವಳಿಗೆ ಅವನು ಮೊದಲ ರಾತ್ರಿಯೇ ಹೇಳಿದ್ದ. ಅವಳು ಕೇಳಿಸಿಕೊಂಡು, ದೀಪ ಆರಿಸಿ, ಕತ್ತಲಲ್ಲಿ ಅವನ ಕೈ ಹಿಡಿದುಕೊಂಡು ಮಲಗಿದ್ದಳು. ಬೆಳಿಗ್ಗೆ ಎದ್ದ ಮೇಲೆ, ಹೇಳಿದ ಮಾತನ್ನು ಕತ್ತಲೆಯೇ ನುಂಗಿಕೊಂಡ ಹಾಗೆ, ಆ ಸುದ್ದಿ ಇಬ್ಬರ ನಡುವೆ ಇರಲಿಲ್ಲ. ಈಗ ಅವನು ಒಗೆದಿಟ್ಟ ಅಂಗಿ ಹಾಕಿಕೊಂಡು ಗುಂಡಿ ಹಾಕುತ್ತಿರುವುದನ್ನು ನೋಡಿ, "ಅಲ್ಲಿಗಾ?" ಅಂದಳು.

"ಹೂಂ."

"ಬೇಡ ರೀ. ಅವರ ಕಡೆ ಜನ ಸುತ್ತ ಇರ್ತಾರೆ. ಹೊಡೆದ್ರೆ?"

"ಹೊಡೀಲಿ."

ಅವಳು ತಟ್ಟೆ ಎತ್ತುತ್ತಿದ್ದವಳು ನಿಂತಳು. "ಹೊಡೀಲಿ ಅಂತಲೇ ಹೋಗ್ತಿದ್ದೀರಿ. ನಿಮಗೆ ಅದೇ ಬೇಕಾಗಿದೆ. ನೀವು ಅವತ್ತು ಬಸ್ ನಿಲ್ಲಿಸಿದ್ದಿದ್ರೆ ಇವತ್ತು ನಾನು ಏನಾಗಿರ್ತಿದ್ದೆ ಅಂತ ಒಂದು ದಿನ ಆದ್ರೂ ಯೋಚಿಸಿದ್ರಾ? ನಾನು ದಿನಾ ಅದಕ್ಕೇ ದೇವರಿಗೆ ಸ್ತೋತ್ರ ಹೇಳ್ತೀನಿ. ಯಾರದೋ ಮಂಡಿ ಹೋಗಿದ್ದಕ್ಕೆ ಸ್ತೋತ್ರ ಹೇಳ್ದ ಹಾಗಾಗುತ್ತೆ, ಗೊತ್ತಿದೆ. ಆದ್ರೂ ಹೇಳ್ತೀನಿ." ಅವಳ ದನಿ ಏರಲಿಲ್ಲ. ಇಷ್ಟು ದಿನ ಇವಳು ಮರೆತಿದ್ದಾಳೆ ಅಂದುಕೊಂಡಿದ್ದನಲ್ಲ, ಇವಳೂ ತನ್ನ ಪಾಲನ್ನು ಬೇರೆ ಮೂಲೆಯಲ್ಲಿ ಕೂತು ತಿನ್ನುತ್ತಿದ್ದಳು. ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದ. ಅವಳೇ ಬಂದು ಬಿಚ್ಚಿ ಸರಿಯಾಗಿ ಹಾಕಿದಳು.

ದಾರಿಯಲ್ಲಿ ಅರ್ಧ ಬಾಗಿಲು ತೆರೆದಿದ್ದ ಅಂಗಡಿಯಲ್ಲಿ ಸೇಬು ಕೊಂಡ. ಕೊಂಡ ಮೇಲೆ ಚೀಲವನ್ನು ಹೇಗೆ ಹಿಡಿದುಕೊಳ್ಳಬೇಕೆಂದು ತಿಳಿಯಲಿಲ್ಲ. ಎದೆಗೆ ಅವುಚಿಕೊಂಡರೆ ಹೆರಿಗೆಮನೆಗೆ ಹೊರಟವನ ಹಾಗೆ, ಕೆಳಗೆ ಜೋತುಬಿಟ್ಟರೆ ಮಾಮೂಲಿ ಸಂತೆ ಮುಗಿಸಿ ಬಂದವನ ಹಾಗೆ. ಬೀದಿ ಬದಿಯಲ್ಲಿ ಒಡೆದ ಗಾಜನ್ನು ಗುಡಿಸಿ ರಾಶಿ ಮಾಡಿದ್ದರು, ಒಂದು ಬೆಕ್ಕು ಅದರ ಸುತ್ತ ಕಾಲೆತ್ತಿ ಕಾಲೆತ್ತಿ ಇಡುತ್ತ ದಾಟುತ್ತಿತ್ತು. ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತ ಪೊಲೀಸಿನವನು ತೂಕಡಿಸುತ್ತಿದ್ದ. ಬಣ್ಣದವನ ಮನೆ ಯಾವುದೆಂದು ಕೇಳಿದಾಗ ನಲ್ಲಿಯ ಹತ್ತಿರದ ಹೆಂಗಸು ಅವನನ್ನು ಮೇಲಿನಿಂದ ಕೆಳಗೆ ನೋಡಿ, ಹಣ್ಣಿನ ಚೀಲ ನೋಡಿ, ಬಾಯಿಬಿಡದೆ ಮಹಡಿಯ ಮೆಟ್ಟಿಲು ತೋರಿಸಿದಳು. ಮೆಟ್ಟಿಲು ಕಡಿದಾಗಿತ್ತು. ಮಂಡಿ ಇಲ್ಲದವನು ಇದನ್ನು ಹೇಗೆ ಹತ್ತುತ್ತಾನೆ, ಹೇಗೆ ಇಳಿಯುತ್ತಾನೆ ಎಂದು ಯೋಚಿಸುತ್ತ ಹತ್ತಿದ್ದರಿಂದ ಬಾಗಿಲು ತಟ್ಟುವ ಮುಂಚೆ ಕೇಳಿಕೊಳ್ಳಬೇಕಾದ್ದನ್ನು ಕೇಳಿಕೊಳ್ಳಲು ಮರೆತ.

ಬಾಗಿಲು ತೆರೆದವಳು ಬಣ್ಣದವನ ಹೆಂಡತಿ. ತೆಳ್ಳಗಿನ, ನಿದ್ದೆ ಕಡಿಮೆಯಾದ ಮುಖ. "ಬಸ್ ಡಿಪೋದಿಂದ ಬಂದೆ" ಅಂದ. ಅವಳು ಪಕ್ಕಕ್ಕೆ ಸರಿದಳು. ಒಂದೇ ಕೋಣೆ. ಗೋಡೆಯ ತುಂಬ ಬೇರೆ ಬೇರೆ ಬಣ್ಣದ ಚೌಕಗಳು, ಬೇರೆಯವರ ಮನೆಗೆ ಬಳಿದು ಉಳಿದದ್ದನ್ನು ಇಲ್ಲಿ ಬಳಿದು ನೋಡಿದ್ದು. ಒಂದು ಗೋಡೆಯೂ ಪೂರ್ತಿ ಒಂದು ಬಣ್ಣಕ್ಕೆ ಸೇರಿರಲಿಲ್ಲ. ಕಿಟಕಿಯ ಕೆಳಗೆ ಮಂಚದ ಮೇಲೆ ಅವನಿದ್ದ, ಪ್ಲಾಸ್ಟರ್ ಹಾಕಿದ ಕಾಲನ್ನು ಬೋರಲು ಹಾಕಿದ ಡಬ್ಬಿಯ ಮೇಲೆ ದಿಂಬಿಟ್ಟು ಎತ್ತರಿಸಿದ್ದರು. ಡ್ರೈವರು ಮುಖ ನೋಡಿದ. ಇಷ್ಟು ದಿನ ತಲೆಯೊಳಗೆ ಇಟ್ಟುಕೊಂಡು ತಿರುಗಿದ ಮುಖ ಇದಲ್ಲವೇ ಅಲ್ಲ ಎಂದು ಒಂದು ಕ್ಷಣ ಅನ್ನಿಸಿ, ತಪ್ಪು ಮನೆಗೆ ಬಂದೆನೆಂಬ ನೀಚ ಆಸೆಯೊಂದು ಮೂಡಿತು. ಅಷ್ಟರಲ್ಲಿ ಬಣ್ಣದವನು, ಬಂದವರನ್ನು ಎದ್ದು ಮಾತಾಡಿಸಲಾಗದ ನಾಚಿಕೆಯಿಂದ, ನಕ್ಕ. ಅದೇ.

"ಡಿಪೋದವರಾ? ಕೂತ್ಕೊಳ್ಳಿ ಅಣ್ಣ. ಇವಳೇ, ಆ ಬಟ್ಟೆ ತೆಗಿ, ಕುರ್ಚಿ ಕೊಡು. ನೋಡು, ಡಿಪೋದಿಂದಲೂ ವಿಚಾರಿಸೋಕೆ ಬಂದಿದ್ದಾರೆ, ನೀನು ಯಾರೂ ಬರಲ್ಲ ಅಂತಿದ್ದೆ." ಕೈ ಮುಂದೆ ಚಾಚಿದ, ಎರಡು ಬೆರಳು ನೆಟ್ಟಗೆ ಉಳಿದವು. ಆ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ಡ್ರೈವರಿಗೆ ತಿಳಿಯಲಿಲ್ಲ.

ಬಣ್ಣದವನಿಗೆ ಮಾತಿನ ಹಸಿವಿತ್ತು. ಆಸ್ಪತ್ರೆಯ ಸೊಳ್ಳೆಯಿಂದ ಶುರುಮಾಡಿ, ಅರ್ಧಕ್ಕೆ ನಿಂತ ಯಾರದೋ ಮನೆಯ ಮುಂದಿನ ಕೋಣೆಯವರೆಗೆ ಎಲ್ಲ ಹೇಳಿದ. "ಎರಡನೇ ಸಲ ಬಳಿಯೋದು ಬಾಕಿ ಇತ್ತು. ಈಗ ಯಾರೋ ಬೇರೆಯವರು ಬಳಿದಿರ್ತಾರೆ, ಬಣ್ಣ ಕೂಡಲ್ಲ, ಕಲೆ ಕಲೆ ಕಾಣುತ್ತೆ" ಎಂದು ಅದಕ್ಕೂ ಕೊರಗಿದ. ಹೆಂಡತಿ ಸೇಬು ಕೊಯ್ದು ತಟ್ಟೆಯಲ್ಲಿಟ್ಟಳು, ಅವನು ಒಂದು ಹೋಳನ್ನು ಮೊದಲು ಡ್ರೈವರಿಗೆ ಕೊಟ್ಟ. "ತಗೊಳ್ಳಿ, ನೀವು ತಿನ್ನದೆ ನಾನು ತಿನ್ನಲ್ಲ." ಡ್ರೈವರು ತಿಂದ. ಬೆಳಿಗ್ಗೆ ಪಾದ್ರಿಗಳ ಕೈಯಿಂದ ತಿಂದದ್ದು ನೆನಪಾಗಿ, ಇಲ್ಲಿ ಅದನ್ನು ನೆನೆಸಿಕೊಂಡದ್ದಕ್ಕೆ ಮೈ ಹಿಡಿಯಷ್ಟಾಯಿತು. ಈಗ ಹೇಳಬೇಕು, ಬಾಯಲ್ಲಿರುವುದನ್ನು ನುಂಗಿದ ತಕ್ಷಣ ಹೇಳಬೇಕು ಎಂದುಕೊಂಡ. ನುಂಗಿದ.

"ನೀವು ಅಲ್ಲಿ ಏನು ಕೆಲಸ ಮಾಡೋದಣ್ಣ?" ಎಂದು ಬಣ್ಣದವನು ಕೇಳಿದ.

"ಡ್ರೈವರ್."

ಅವನ ಮುಖ ಬೆಳಗಿತು. "ಹಂಗಾದ್ರೆ ನಿಮ್ಮನ್ನೇ ಕೇಳಬೇಕು. ಎಷ್ಟೋ ದಿನದಿಂದ ಯಾರಾದ್ರೂ ಡ್ರೈವರ್ ಸಿಕ್ರೆ ಕೇಳಬೇಕು ಅಂತಿದ್ದೆ. ಅವತ್ತು ನಾನು ಗಲ್ಲಿ ಒಳಗಿದ್ದೆ. ಅಲ್ಲೇ ಇದ್ದಿದ್ರೆ ಏನೂ ಆಗ್ತಿರಲಿಲ್ಲ. ಬಸ್ಸು ಬಂತು, ನಿಧಾನ ಮಾಡ್ತು. ನಿಲ್ಲಿಸ್ತಾನೆ ಅಂದ್ಕೊಂಡು ಓಡಿದೆ. ಕನ್ನಡೀಲಿ ಅವನ ಕಣ್ಣು ಕಂಡ ಹಾಗಾಯ್ತು ನನಗೆ. ಆಸ್ಪತ್ರೇಲಿ ಇದೇ ಯೋಚನೆ, ನಿದ್ದೆ ಇಲ್ಲ. ಹೊಡೆದವರ ಮೇಲೆ ಅಷ್ಟು ಸಿಟ್ಟು ಬರಲಿಲ್ಲ ನೋಡಿ, ಅವರು ಹೊಡೆಯೋಕೇ ಬಂದಿದ್ರು. ಇವನು ನನ್ನ ನೋಡಿ, ಕರೆದು, ಬಿಟ್ಟು ಹೋದ್ನಲ್ಲ ಅಂತ. ಆಮೇಲೆ ಇವಳೇ ಹೇಳಿದ್ಲು, ಅಷ್ಟು ಗಾಬರಿಯಲ್ಲಿ ಯಾರು ಕನ್ನಡಿ ನೋಡ್ತಾರೆ, ಅವನು ನೋಡೇ ಇಲ್ಲ ಅಂತ. ಹೌದಲ್ವಾ ಅನ್ನಿಸ್ತು. ಅವತ್ತಿಂದ ನಿದ್ದೆ ಬರ್ತಿದೆ. ನೀವು ಹೇಳಿ ಅಣ್ಣ, ನಿಮಗೆ ಗೊತ್ತಿರುತ್ತೆ. ಆ ಕನ್ನಡೀಲಿ ಹಿಂದಿನವರು ಕಾಣಿಸ್ತಾರಾ?"

ಕೋಣೆಯಲ್ಲಿ ಸೇಬು ಕೊಯ್ಯುವ ಚಾಕುವಿನ ಸದ್ದು ನಿಂತಿತ್ತು. ಡ್ರೈವರು ಗೋಡೆಯ ಮೇಲಿನ ಒಂದು ಹಸಿರು ಚೌಕವನ್ನು ನೋಡುತ್ತ ಕೂತ. ಹೇಳಲೆಂದೇ ಬಂದದ್ದು. ಹೇಳಿದರೆ ಈ ಮನುಷ್ಯ ಬೈಯಬಹುದು, ಉಗಿಯಬಹುದು, ಕೊನೆಗೊಂದು ದಿನ ಕ್ಷಮಿಸಲೂಬಹುದು. ಯಾವುದಾದರೂ ಸರಿ, ತಾನು ಏನೋ ಒಂದನ್ನು ಇಲ್ಲಿ ಇಳಿಸಿ ಆ ಕಡಿದಾದ ಮೆಟ್ಟಿಲನ್ನು ಇಳಿದು ಹೋಗಬಹುದು. ಇಳಿಸುವ ಜಾಗ ಎಂದರೆ ಈ ಮಂಚ, ಈ ಕಾಲು, ಈ ಮನುಷ್ಯನಿಗೆ ಈಚೆಗೆ ಹತ್ತತೊಡಗಿದ ನಿದ್ದೆ.

"ಕಾಣಿಸಲ್ಲ" ಅಂದ. ತನ್ನ ದನಿ ಡಿಪೋದಲ್ಲಿ ಹೊಸಬರಿಗೆ ಪಾಠ ಹೇಳುವವನ ದನಿಯಂತೆ ಸಲೀಸಾಗಿ ಬಂದದ್ದು ಅವನಿಗೇ ಆಶ್ಚರ್ಯವಾಯಿತು. "ಜನ ತುಂಬಿದ ಬಸ್ಸು ಒಂದು ಕಡೆ ವಾಲಿರುತ್ತೆ. ಕನ್ನಡೀಲಿ ಬರೀ ರಸ್ತೆ ಅಂಚು ಕಾಣುತ್ತೆ."

"ಮತ್ತೆ ನಿಧಾನ ಯಾಕೆ ಮಾಡಿದ?"

"ಅಲ್ಲಿ ರಸ್ತೇಲಿ ಒಂದು ದೊಡ್ಡ ಗುಂಡಿ ಇದೆ. ನಾವೆಲ್ಲರೂ ಅಲ್ಲಿ ಬ್ರೇಕ್ ಒತ್ತುತ್ತೀವಿ. ಅವನೂ ಒತ್ತಿದ್ದಾನೆ, ಅಷ್ಟೇ."

"ಗುಂಡಿ" ಎಂದ ಬಣ್ಣದವನು. ದಿಂಬಿಗೆ ತಲೆ ಆನಿಸಿ ಮೆಲ್ಲಗೆ ನಕ್ಕ. "ಕೇಳಿದ್ಯಾ, ಗುಂಡಿಯಂತೆ. ಅಷ್ಟು ದಿನ ಆ ಪುಣ್ಯಾತ್ಮನ ವಂಶಾನೆಲ್ಲ ಬೈದೆ. ಅವನು ಸಿಕ್ರೆ ಹೇಳಿ ಅಣ್ಣ, ನನ್ನ ಮನಸ್ಸಲ್ಲಿ ಏನಿಲ್ಲ ಅಂತ. ಅಲ್ಲ, ಹೇಳೋದು ಬೇಡ ಬಿಡಿ. ಪಾಪ, ಅವನಿಗೆ ಗೊತ್ತೇ ಇರಲ್ಲ, ಹೇಳಿದ್ರೆ ಸುಮ್ನೆ ಕೊರಗ್ತಾನೆ." ತಟ್ಟೆಯಿಂದ ಇನ್ನೊಂದು ಹೋಳು ತೆಗೆದು ಕೊಟ್ಟ. ಇಸಿದುಕೊಳ್ಳದೆ ವಿಧಿಯಿರಲಿಲ್ಲ.

ಡ್ರೈವರು ಹೊರಟಾಗ ಬಣ್ಣದವನ ಹೆಂಡತಿ ಕಳಿಸಿಕೊಡಲು ಬಂದವಳ ಹಾಗೆ ಮೆಟ್ಟಿಲಿಳಿದು ಬಂದಳು. ಕೆಳಗೆ ಗೋಡೆಯ ಮರೆಗೆ ಬಂದ ಮೇಲೆ ನಿಂತಳು. "ಅಲ್ಲಿ ಗುಂಡಿ ಇಲ್ಲ" ಅಂದಳು. "ದಿನಾ ಆ ದಾರೀಲೇ ಕೆಲಸಕ್ಕೆ ಹೋಗೋಳು ನಾನು."

ಅವನು ಬೀದಿಯ ಕಡೆ ಮುಖ ತಿರುಗಿಸಿದ.

"ಕುಂಬಳಕಾಯಿ ಕಳ್ಳ ಅಂತ ಯಾರೂ ಅನ್ನಲೇ ಇಲ್ಲ. ನೀವಾಗೇ ಹೆಗಲು ಮುಟ್ಕೊಂಡು ಬಂದ್ರಿ. ಡಿಪೋದವರು ಯಾರಾದ್ರೂ ಸೇಬು ತಗೊಂಡು ಬರ್ತಾರಾ? ಬಾಗಿಲು ತೆಗೆದಾಗಲೇ ಗೊತ್ತಾಯ್ತು ನನಗೆ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ, ಸಿಟ್ಟಿಗೆ ಬೇಕಾದಷ್ಟು ಕಸುವು ಉಳಿದಿರಲಿಲ್ಲವೇನೋ. "ನೀವು ಹೇಳಿಬಿಡ್ತೀರಿ ಅಂತ ಹೆದರಿದ್ದೆ. ಹೇಳಲಿಲ್ಲ. ಒಳ್ಳೇದು ಮಾಡಿದ್ರಿ."

"ಅಮ್ಮಾ, ಬಸ್ಸಲ್ಲಿ ಜನ ಇದ್ರು" ಅಂದ. ಅಂದ ತಕ್ಷಣ ಹೇಳಬಾರದಿತ್ತೆನ್ನಿಸಿತು.

"ಇದ್ರು. ನನಗೂ ಗೊತ್ತು. ಅವರಲ್ಲಿ ನಾನೂ ಕೂತಿದ್ರೆ ಹೋಗಿ ಅಂತಲೇ ಕೂಗ್ತಿದ್ನೋ ಏನೋ." ಅವಳು ಸೆರಗಿನಿಂದ ಕೈಗೆ ಅಂಟಿದ ಹಣ್ಣಿನ ರಸ ಒರೆಸಿಕೊಂಡಳು. "ಇನ್ನು ಬರಬೇಡಿ. ಇವರಿಗೆ ನೀವು ಇಷ್ಟ ಆಗಿಬಿಟ್ರಿ, ಮತ್ತೆ ಕರೀತಾರೆ. ಬರಬೇಡಿ. ಒಂದು ದಿನ ಬಾಯಿ ತಪ್ಪುತ್ತೆ."

"ಏನಾದ್ರೂ ಸಹಾಯ..."

"ಬೇಡ."

ಅವನು ಹೋಗಬೇಕಿತ್ತು, ಹೋಗಲಿಲ್ಲ. ಏನನ್ನೋ ಕಾಯುತ್ತ, ಹೆಬ್ಬೆಟ್ಟು ನೆಲಕ್ಕೆ ಒತ್ತುತ್ತ ನಿಂತ. ಅವಳು ಅವನ ಮುಖವನ್ನು ನಿಧಾನವಾಗಿ ನೋಡಿ, "ನಿಮಗೆ ಬೇಕಾದ್ದು ನನ್ನ ಹತ್ರ ಇಲ್ಲ. ಇದ್ದಿದ್ರೆ ಕೊಡ್ತಿದ್ದೆ" ಅಂದಳು. ಮೇಲಿನಿಂದ ಬಣ್ಣದವನು ಅವಳನ್ನು ಕೂಗಿದ. ಅವಳು ಬಂದೆ ಎಂದು ಮೆಟ್ಟಿಲು ಹತ್ತಿ ಹೋದಳು.

ಸಂಜೆ ಊರಿನ ಶಾಂತಿಗಾಗಿ ಚರ್ಚಿನಲ್ಲಿ ಪ್ರಾರ್ಥನೆ ಇಟ್ಟಿದ್ದರು. ಅವನು ಮನೆಗೆ ಹೋಗದೆ ನೇರ ಅಲ್ಲಿಗೇ ಹೋದ. ಎರಡೂ ಕಡೆಯವರನ್ನು ಕರೆದಿದ್ದರಂತೆ, ಬಂದಿರಲಿಲ್ಲ. ಅವರಿಗೆಂದು ಹಾಕಿದ್ದ ಕುರ್ಚಿಗಳನ್ನು ಪಾದ್ರಿಗಳು ತಾವೇ ಒಂದೊಂದಾಗಿ ಮಡಚಿ ಗೋಡೆಗೆ ಒರಗಿಸುತ್ತಿದ್ದರು. ಅವನು ಹೋಗಿ ಕೈಜೋಡಿಸಿದ.

"ಹೇಳಿದ್ರಾ?" ಎಂದು ಅವರು ಕುರ್ಚಿ ಮಡಚುತ್ತಲೇ ಕೇಳಿದರು.

"ಇಲ್ಲ."

"ಯಾಕೆ?"

"ಅವನಿಗೆ ಈಗ ನಿದ್ದೆ ಬರ್ತಿದೆಯಂತೆ."

ಪಾದ್ರಿಗಳು ಕೈಯಲ್ಲಿದ್ದ ಕುರ್ಚಿಯನ್ನು ನೆಲಕ್ಕಿಟ್ಟರು.

"ಸುಳ್ಳು ಹೇಳಿ ಬಂದೆ ಅಯ್ಯನವರೇ. ಅವನ ಮೇಲಿನ ಕರುಣೆಯಿಂದ ಹೇಳಿದ್ನೋ, ಹೆದರಿ ಹೇಳಿದ್ನೋ, ನನಗೇ ಗೊತ್ತಾಗ್ತಿಲ್ಲ. ನೀವಾದ್ರೂ ಹೇಳಿ."

"ನನಗೂ ಗೊತ್ತಾಗ್ತಿಲ್ಲ" ಅಂದರು ಪಾದ್ರಿಗಳು. ಕೊನೆಯ ಕುರ್ಚಿಯನ್ನು ಗೋಡೆಗೆ ಒರಗಿಸಿ, "ಬನ್ನಿ, ಹೊತ್ತಾಯ್ತು" ಎಂದು ಮುಂದೆ ನಡೆದರು.

ಬಂದವರು ಕೆಲವೇ ಜನ. ಡ್ರೈವರ ಹೆಂಡತಿ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು, ಒಳಬಂದ ಅವನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಮೈಮೇಲೆ ಪೆಟ್ಟಿಲ್ಲವೆಂದು ಖಾತ್ರಿ ಮಾಡಿಕೊಂಡು ಮುಖ ತಿರುಗಿಸಿದಳು. ಪ್ರತಿಯೊಬ್ಬರೂ ತಮ್ಮ ತಮ್ಮ ಮನಸ್ಸಿನಲ್ಲೇ ಬೇಡಿಕೊಳ್ಳಲಿ ಎಂದು ಪಾದ್ರಿಗಳು ಹೇಳಿದಾಗ ಎಲ್ಲರೂ ಮೊಣಕಾಲೂರಿದರು. ಅವನೂ ಊರಿದ. ಅವನ ಮಂಡಿ ಸಲೀಸಾಗಿ ಮಡಚಿತು. ಬಣ್ಣದವನ ಮಂಡಿ ಹೀಗೆ ಮಡಚುವಂತಾಗಲಿ ಎಂದು ಮೊದಲು ಕೇಳಿದ. ಆ ಮೆಟ್ಟಿಲು ಹತ್ತಿ ಇಳಿಯುವಂತಾಗಲಿ, ಆ ಬೆರಳುಗಳಿಗೆ ಕುಂಚ ಹಿಡಿಯಲು ಬರಲಿ, ಅವನು ಗುಂಡಿಯನ್ನು ಹುಡುಕಿಕೊಂಡು ಎಂದೂ ಆ ರಸ್ತೆಗೆ ಹೋಗದಿರಲಿ. ಅವನ ಹೆಂಡತಿಗೂ ರಾತ್ರಿ ಸ್ವಲ್ಪ ನಿದ್ದೆ ಬರಲಿ. ಸೀಟು ಬಡಿದ ಮುದುಕಿ, ಗಂಟೆ ಹೊಡೆದ ದೊಡ್ಡಗಂಟೆ, ದೊಣ್ಣೆ ಹಿಡಿದು ಬಂದವರು, ಅವರ ತಾಯಂದಿರು, ಹೀಗೆ ಒಬ್ಬರ ಹಿಂದೆ ಒಬ್ಬರು ಬರುತ್ತಲೇ ಇದ್ದರು, ಯಾರನ್ನೂ ಬಿಡಲು ಅವನಿಗೆ ಧೈರ್ಯವಾಗಲಿಲ್ಲ. ತನ್ನದನ್ನು ಕೇಳುವ ಹೊತ್ತಿಗೆ ಸುತ್ತಲಿನವರೆಲ್ಲ ಎದ್ದು, ಹಾಡು ಶುರುವಾಗಿತ್ತು.